ಮಗ್ಗ ನಿಂತ ಮನೆಯಲ್ಲಿ ಉಕ್ತಲೇಖನ

"ಕೊನೇ ಪದ, ಹುಣಸೆಹಣ್ಣು. ಬರೆದ್ಯೇನೇ?"

ಅನುಸೂಯ ಗೋಡೆ ಕಡೆ ಮುಖಮಾಡಿ ಕೂತು, ಸಿಕ್ಕಾದ ರೇಷ್ಮೆ ನೂಲು ಬಿಡಿಸುತ್ತ ಕೇಳಿದಳು. ತಿರುಗಿ ನೋಡಿದರೆ, ಎರಡನೇ ಕ್ಲಾಸಿನ ಮಗಳು ಅಕ್ಷತ ಬಳಪ ಕಚ್ಚುತ್ತ ಕೂತಿದ್ದಾಳೆ. ಸ್ಲೇಟಿನ ಮೇಲೆ ಒಂದಕ್ಷರವೂ ಇಲ್ಲ.

"ಇಷ್ಟೊತ್ತು ಬಾಯಿ ಬಡ್ಕೊಂಡಿದ್ದು ಯಾರಿಗೆ?" ಎಂದು ಬೆನ್ನಿಗೊಂದು ಕೊಟ್ಟಳು.

"ನೀನು ಹೇಳ್ಲೇ ಇಲ್ಲ!" ಮಗು ಅಳತೊಡಗಿತು.

ಲಾಕ್‌ಡೌನಿನಲ್ಲಿ ಸ್ಕೂಲು ಮುಚ್ಚಿದ ಮೇಲೆ ಕನ್ನಡ, ಗಣಿತ, ಇಂಗ್ಲಿಷು, ಪರಿಸರ ಎಲ್ಲಕ್ಕೂ ಅನುಸೂಯಳೇ ಟೀಚರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಈಗಲಾದರೂ ಉಪಯೋಗಕ್ಕೆ ಬಂತು ಎಂದು ಗಂಡ ಉಮಾಶಂಕರ ಚುಡಾಯಿಸುತ್ತಿದ್ದ. ಲೆಕ್ಕದಲ್ಲಿ ಹುಡುಗಿ ಚುರುಕು. ಪರಿಸರದ ಪಾಠಕ್ಕೆ ಚಿತ್ರ ತೋರಿಸಿದರೆ ಸಾಕು, ಹಕ್ಕಿ, ಮರ ಎಲ್ಲ ಪಟಪಟ ಹೇಳುವಳು. ಎದುರು ಕೂತು ಹೇಳಿಕೊಟ್ಟರೆ ಇಂಗ್ಲಿಷು ಪದ್ಯವೂ ಬರುತ್ತಿತ್ತು. ಮಾತು ಸ್ವಲ್ಪ ತೊದಲು. ಹಲ್ಲು ಬಿದ್ದಿದ್ದಕ್ಕೆ ಅಂದುಕೊಂಡಿದ್ದರು. ಉಕ್ತಲೇಖನಕ್ಕೆ ಮಾತ್ರ ಹೀಗೆ ಕಲ್ಲಿನ ಹಾಗೆ ಕೂರುವಳು.

ಹೊಡೆದ ಕೈ ನೋಯುತ್ತಿತ್ತು. ಸಮಾಧಾನ ಮಾಡೋಣವೆಂದು ಅಡುಗೆಮನೆಗೆ ಹೋಗಿ, "ಅಕ್ಷೂ, ಬೆಲ್ಲ ಬೇಕೇನೇ?" ಎಂದಳು. ಬೆಲ್ಲವೆಂದರೆ ಪ್ರಾಣ ಬಿಡುವ ಮಗು ಅತ್ತ ತಿರುಗಲಿಲ್ಲ. ಅನುಸೂಯ ಮೆಲ್ಲಗೆ ಹಿಂದೆ ಬಂದು ಜೋರಾಗಿ ಚಪ್ಪಾಳೆ ತಟ್ಟಿದಳು. ಅಕ್ಷತ ಕಣ್ಣೊರೆಸಿಕೊಂಡು ಸ್ಲೇಟಿನ ಮೇಲೆ ಬಾತುಕೋಳಿಯ ಚಿತ್ರ ಬಿಡಿಸುತ್ತಲೇ ಇದ್ದಳು.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮು. ಅಕ್ಷತ ಹುಟ್ಟಿದಾಗಿನಿಂದ ಇವರ ನಡುಮನೆಯಲ್ಲೂ ಎರಡು ಮಗ್ಗ ಬಡಿದುಕೊಳ್ಳುತ್ತಲೇ ಇದ್ದವು. ಅಲ್ಲಿ ಯಾರೂ ಬೆನ್ನ ಹಿಂದಿನಿಂದ ಕರೆಯುವುದಿಲ್ಲ. ಹೆಗಲು ತಟ್ಟಿ, ಎದುರಿಗೆ ಬಂದು, ಬಾಯಿ ಅಗಲಿಸಿ, ಕೈಯಾಡಿಸಿ ಹೇಳಬೇಕು. ದೊಡ್ಡವರೇ ತುಟಿ ನೋಡಿ ಮಾತು ಹಿಡಿಯುವ ಮನೆಯಲ್ಲಿ ಮಗುವೂ ಹಾಗೇ ಹಿಡಿದರೆ ಯಾರಿಗೆ ಅನುಮಾನ ಬಂದೀತು? ಈಗ ನೂಲು ಬರದೆ ಮಗ್ಗ ನಿಂತಿತ್ತು, ದೇವನಹಳ್ಳಿ ಕಡೆಯ ವಿಮಾನಗಳೂ ನಿಂತಿದ್ದವು. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

ಹಜಾರದಲ್ಲಿದ್ದ ಗಂಡನ ಬಳಿ ಓಡಿದಳು. "ರೀ, ಮಗೀಗೆ ಕಿವಿ ಕೇಳ್ತಿಲ್ಲ ಕಣ್ರೀ."

"ಏ, ಸುಮ್ನಿರು. ನೆನ್ನೆ ನನ್ಜೊತೆ ಅಷ್ಟೊತ್ತು ಹರಟೆ ಹೊಡುದ್ಲು."

"ಎದುರಿಗೆ ಕೂತ್ಕೊಂಡಲ್ವಾ?"

ಉಮಾಶಂಕರ ಎದ್ದು ಬಾಗಿಲಿನಿಂದ ಮಗಳನ್ನು ಇಣುಕಿ ನೋಡಿದ. ಆಮೇಲೆ ಮೆತ್ತಗೆ, "ಆಟ ಕಟ್ತವ್ಳೆ ಅಷ್ಟೇ. ಎಲ್ಲಿ, ನನ್ನೆದುರಿಗೆ ಇನ್ನೊಂದ್ಸಲ ಹೇಳು ನೋಡಾಣ" ಎಂದು ಒಳಗೆ ಬಂದ.

ಅನುಸೂಯ ಮಗಳ ಎದುರಿಗೇ ಕೂತು, ಸ್ಲೇಟು ಒರೆಸಿ ಕೊಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವರೇ, ಇದು ಆಟವೇ ಆಗಿರಲಿ, ಹೊಡೆದದ್ದಕ್ಕೆ ಮಗು ಮುನಿಸಿಕೊಂಡಿರಲಿ ಎಂದು ಬೇಡಿಕೊಂಡಳು.

"ನವಿಲು," ಎಂದಳು. ಮತ್ತೆ, ಹೊರಗೆ ಬೀದಿಗೂ ಕೇಳುವಂತೆ, "ನವಿಲು!"

ಅಕ್ಷತ ಅಮ್ಮನನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು. ಆಮೇಲೆ ಮುಂದೆ ಬಗ್ಗಿ, ಸುಣ್ಣ ಮೆತ್ತಿದಂತಿದ್ದ ಪುಟ್ಟ ಬೆರಳುಗಳಿಂದ ಅಮ್ಮನ ಬಾಯ ಮೇಲಿನ ಸೆರಗನ್ನು ಕೆಳಗೆಳೆದಳು.

"ಈಗ ಹೇಳು."

ಅನುಸೂಯಳಿಗೆ ಸ್ವರ ಹೊರಡಲಿಲ್ಲ. ತುಟಿಗಳು ಮಾತ್ರ ಅದುರುತ್ತಿದ್ದವು. ಅಕ್ಷತ ಬಳಪ ಹಿಡಿದು, ಆ ತುಟಿಗಳನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

"ಅದ್ಯಾವ ಪದಾಮ್ಮ? ನಂಗೆ ಬರಲ್ಲ."