ಭಾವನ ವಾಚಿನ ಮೇಲಿನ ಕಲೆ

ಅಕ್ಕ ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಗಡಿಯಾರ ರಿಪೇರಿಯ ತಮ್ಮ ಗಡಬಡಿಸಿ ಎದ್ದು ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಇವನ ಕೈ ಹೆಗಲಿಗೆ ಹೋಗಿತ್ತು. ಅವಳು ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟದ್ದು ಭಾವನ ವಾಚು. ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು.

“ಇದರ ಮುಖ ಹೊಸದು ಮಾಡಿಕೊಡೋ,” ಎಂದಳು. “ಈ ಕಲೆ ಕಂಡಾಗೆಲ್ಲ ಅವರ ಮೇಲೆ ಸಿಟ್ಟು ಬರುತ್ತೆ. ಸತ್ತೋರ ಮೇಲೆ ಎಷ್ಟು ದಿನ ಅಂತ ಸಿಟ್ಟು ಮಾಡ್ಲಿ? ಅಪ್ಪನ ವಾಚು ಅಂತ ಕೊಟ್ರೆ, ಸ್ನಾನಕ್ಕೆ ಕಟ್ಕೊಂಡು ಹೋಗಿ ಹಾಳು ಮಾಡಿದ್ರಲ್ಲ ಪುಣ್ಯಾತ್ಮರು.”

ಅಪ್ಪ ಮೂವತ್ತು ವರ್ಷ ಕಟ್ಟಿ, ಅಳಿಯನ ಕೈಗೆ ಕೊಟ್ಟ ವಾಚು. ಕೆನೆಬಣ್ಣದ ಡಯಲ್ಲಿನ ಮೇಲೆ ಆರರಿಂದ ಒಂಬತ್ತರವರೆಗೆ ಕಂದು ಕಲೆ ಹರಡಿ, ಏಳನ್ನೂ ಎಂಟನ್ನೂ ಅರ್ಧ ತಿಂದಿತ್ತು. ಬೇರೆ ಗಿರಾಕಿಯಾಗಿದ್ದರೆ ಅವನು ಒತ್ತಿ ಹೇಳುತ್ತಿದ್ದ: ಹಳೆಯ ಡಯಲ್ಲಿಗೆ ಹೊಸ ಬಣ್ಣ ಹೊಡೆದರೆ ಮೂಲದ ಅಂಕಿಗಳೂ ಹೋಗುತ್ತವೆ, ಇದ್ದದ್ದು ಇದ್ದ ಹಾಗೇ ಇರಲಿ. ಅಕ್ಕನ ಮುಂದೆ ಆ ಎಚ್ಚರಿಕೆಯನ್ನು ಬೇಕೆಂದೇ ಬಿಟ್ಟ. ಬಣ್ಣ ಹೊಡೆದರೆ ಅಕ್ಕನ ಸಿಟ್ಟಿನ ಜೊತೆ ತನ್ನ ತಪ್ಪೂ ಅಳಿಸಿಹೋಗುತ್ತದಲ್ಲ. ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ?

ತಪ್ಪು ಏನೆಂದರೆ ಒಂದು ರಬ್ಬರ್ ರಿಂಗು. ವಾಚಿನ ಬೆನ್ನು ಬಿಚ್ಚಿದಾಗಲೆಲ್ಲ, ಮುಚ್ಚುವ ಮೊದಲು ನೀರು ತಡೆಯುವ ಹೊಸ ರಿಂಗು ಕೂರಿಸಬೇಕು. ಹನ್ನೊಂದು ವರ್ಷದ ಹಿಂದೆ ಭಾವನ ವಾಚಿಗೆ ಎಣ್ಣೆ ಹಾಕಿದ ದಿನ ಆ ಅಳತೆಯದು ಒಂದೇ ಉಳಿದಿತ್ತು. ಎದುರಿಗೆ ಅದೇ ಅಳತೆಯ ವಾಚಿನ ಗಿರಾಕಿಯೊಬ್ಬ ಕಾಯುತ್ತಿದ್ದ; ಹೊಸ ರಿಂಗು ಅವನ ವಾಚಿಗೆ ಹೋಯಿತು. ಮನೆಯವರ ಕೆಲಸ ತಾನೇ, ನಡೆಯುತ್ತೆ ಬಿಡು ಎಂದು ಭಾವನ ವಾಚಿಗೆ ಸೊರಗಿದ ಹಳೆಯ ರಿಂಗನ್ನೇ ಹಾಕಿ ಮುಚ್ಚಿಬಿಟ್ಟ. ಒಂದು ಮಳೆ ಸಾಕಾಯಿತು.

ಕಲೆಬಿದ್ದ ವಾಚು ಹಿಡಿದು ಭಾವ ಬಂದಾಗ ನಾಚಿಕೆಯಿಂದ ಒಪ್ಪಿಕೊಂಡಿದ್ದ. ಭಾವ ನಕ್ಕುಬಿಟ್ಟಿದ್ದರು. “ನಿಮ್ಮಕ್ಕನಿಗೆ ಹೇಳ್ಬೇಡಪ್ಪ. ಅಪ್ಪನ ವಾಚು ಅಂದ್ರೆ ನಿನ್ನ ಜೊತೆ ಮಾತೇ ಬಿಟ್ಟಾಳು. ನಾನೇ ಸ್ನಾನಕ್ಕೆ ಕಟ್ಕೊಂಡಿದ್ದೆ ಅಂತೀನಿ. ಬೈಸ್ಕೊಂಡು ಅಭ್ಯಾಸ ಇದೆ ನನಗೆ.” ಎರಡು ದಿನದ ಮಾತು ಎಂದುಕೊಂಡದ್ದು ಹನ್ನೊಂದು ವರ್ಷ ನಡೆಯಿತು.

“ಏನೋ, ಆಗುತ್ತೋ ಇಲ್ವೋ ಹೇಳು,” ಎಂದಳು ಅಕ್ಕ.

“ಆಗುತ್ತೆ,” ಎಂದ. ಬಣ್ಣದ ಮಾದರಿಗಳನ್ನು ತೆಗೆದು ಅವಳ ಮುಂದೆ ಇಟ್ಟೂ ಬಿಟ್ಟ. ಅವಳು ಕನ್ನಡಕ ಏರಿಸಿಕೊಂಡು, ಯಾವ ಕೆನೆಬಣ್ಣ ಹಳೆಯದಕ್ಕೆ ಹತ್ತಿರ ಎಂದು ಒಂದೊಂದನ್ನೇ ವಾಚಿನ ಪಕ್ಕ ಇಟ್ಟು ನೋಡತೊಡಗಿದಳು. ಆ ಶ್ರದ್ಧೆಯನ್ನು ನೋಡಲಾರದೆ ಅವನು ಹೇಳಿಬಿಟ್ಟ. ರಿಂಗಿನದು, ಮಳೆಯದು, ಭಾವ ಅಂದದ್ದು, ಎಲ್ಲ.

ಅಕ್ಕ ಕನ್ನಡಕ ತೆಗೆದಳು. “ಹಾಗಾದ್ರೆ ಅವರು ಸ್ನಾನಕ್ಕೆ ಕಟ್ಕೊಂಡಿರಲೇ ಇಲ್ಲ.”

“ಇಲ್ಲ ಅಕ್ಕ.”

“ಅವರು ಸುಮ್ಮನಿದ್ರು, ಸರಿ. ಅವರ ಸ್ವಭಾವವೇ ಹಾಗೆ. ನೀನು? ಭಾನುವಾರ ಭಾನುವಾರ ನಮ್ಮನೇಲಿ ಊಟಕ್ಕೆ ಕೂತಿರ್ತಿದ್ದೆ. ನಾನು ಇದೇ ಮಾತೆತ್ತಿ ಅವರನ್ನ ಆಡ್ಕೊಂಡಾಗ ನೀನೂ ನಗ್ತಿದ್ದೆಯಲ್ಲೋ.”

ನಗುತ್ತಿದ್ದ. ಒಂದೆರಡು ಸಲ ಅವನೇ ಆ ಮಾತು ಎತ್ತಿಕೊಟ್ಟದ್ದೂ ಉಂಟು. ಅದನ್ನು ಮಾತ್ರ ಈಗಲೂ ಮುಚ್ಚಿಟ್ಟ.

“ಬಣ್ಣ ಬೇಡ,” ಎಂದು ಅಕ್ಕ ವಾಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದಳು.

“ಹಾಗೇ ಹೋಗ್ಬೇಡ ಅಕ್ಕ. ಒಂದ್ಸಲ ಬೈದಾದ್ರೂ ಹೋಗು.”

ಅವಳು ಬಾಗಿಲಲ್ಲಿ ನಿಂತಳು. “ಏನಂತ ಬೈಲಿ? ನಿನಗೆ ಬೈಬೇಕಾಗಿದ್ದನ್ನೆಲ್ಲ ಅವರಿಗೇ ಬೈದು ಮುಗಿಸಿದೀನಲ್ಲೋ,” ಎಂದು ಹೊರಟುಹೋದಳು.