ಜಂಬಣ್ಣ ತಲೆ ತಗ್ಗಿಸಿದ್ದು

ಮಾನ್ವಿಯ ಜಂಬಣ್ಣನಿಗೆ ಲಕ್ವಾ ಹೊಡೆದದ್ದು ಎಂಬತ್ಮೂರನೇ ಇಸವಿಯಲ್ಲಿ, ತನ್ನ ಅಕ್ಕಿ ಗಿರಣಿಯ ಅಂಗಳದಲ್ಲಿ ನಿಂತು ಹಮಾಲನೊಬ್ಬನಿಗೆ ಬೈಯುತ್ತಿದ್ದಾಗ. ಬೈಗುಳ ಅರ್ಧಕ್ಕೇ ನಿಂತಿತು. ಬಲಗೈ, ಬಲಗಾಲು, ಅರ್ಧ ಬಾಯಿ ಕೆಲಸ ಬಿಟ್ಟವು. ಬೈಸಿಕೊಳ್ಳುತ್ತಿದ್ದ ಹಮಾಲನೇ ಪಾಪ, ಎತ್ತಿಕೊಂಡು ಹೋಗಿ ಜೀಪಿಗೆ ಹಾಕಿದ. ಹೆಂಡತಿ ಗುರುಶಾಂತಮ್ಮ ರಾಯಚೂರಿನ ಆಸ್ಪತ್ರೆ ಮುಟ್ಟುವ ತನಕ ಅತ್ತಳು. ಮುಟ್ಟಿದ ಮೇಲೆ ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ.

ಕೈಕಾಲಿನದು ಒಂದು ತೂಕವಾದರೆ ಗಂಟಲಿನದೇ ಒಂದು ತೂಕ. ಕುಡಿಸಿದ ನೀರು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯುತ್ತಿತ್ತು. ಡಾಕ್ಟರು ಮೂಗಿನೊಳಗೆ ನಳಿಗೆ ಇಳಿಸಿ, ಅದರಲ್ಲೇ ಹಾಲು, ಗಂಜಿ ಹೊಯ್ಯಿಸಿದರು. ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೊಂಕು ತೆಗೆದು ಹೆಸರಿಡುತ್ತಿದ್ದ ಗಂಡಸು ಮೂಗಿನಿಂದ ಉಣ್ಣುವುದನ್ನು ನೋಡಿ ಗುರುಶಾಂತಮ್ಮನಿಗೆ ಅಯ್ಯೋ ಅನ್ನಿಸಿತು. ಅಡುಗೆಗೆ ಹೆಸರಿಡುವವರಿಲ್ಲದೆ ಆರಾಮಾಗಿದೆ ಎಂದೂ ಒಮ್ಮೆ ಅನ್ನಿಸಿತು, ಸುಳ್ಳು ಯಾಕೆ ಹೇಳಬೇಕು.

"ನುಂಗೋದು ಮತ್ತೆ ಕಲಿತರೆ ನಳಿಗೆ ತೆಗೀತೀವಿ. ಕಲೀಲಿಲ್ಲಂದ್ರೆ ಕಡೀತನಕ ಇದೇ ಗತಿ" ಎಂದರು ಡಾಕ್ಟರು.

ಕಲಿಸುವವಳು ಸಿಸ್ಟರ್ ಉಮ್ಮೇ ಕುಲ್ಸುಮ್. ಹೈದರಾಬಾದಿನಲ್ಲಿ ಈ ಕೆಲಸ ಕಲಿತು ಬಂದವಳು, ಮುಲಾಜು ಗೊತ್ತಿಲ್ಲದವಳು.

"ಸಾಹುಕಾರ, ಸೀದಾ ಕುಂದರ್ರಿ. ಗದ್ದ ಎದಿಗಿ ಹಚ್ರಿ, ಉಸಿರಿನ ದಾರಿ ಮುಚ್ಚತದ. ಹಾಂ, ಈಗ ನುಂಗ್ರಿ. ಇನ್ನೊಮ್ಮಿ ಬರೇ ಉಗುಳು ನುಂಗ್ರಿ. ಈಗ ‘ಆ’ ಅನ್ರಿ."

‘ಆ’ ಸ್ವಚ್ಛ ಬಂದರೆ ತುತ್ತು ಹೊಟ್ಟೆ ಸೇರಿದೆ ಎಂದರ್ಥ. ಗೊರಗೊರ ಅಂದರೆ ದಾರಿ ತಪ್ಪಿದೆ. ಲಕ್ವಾ ಹೊಡೆದ ಕಡೆಯ ಕೆನ್ನೆಯಲ್ಲಿ ತುತ್ತು ಕಳ್ಳನ ಹಾಗೆ ಅಡಗಿ ಕೂರುತ್ತದೆ, ಪ್ರತಿ ಸಲ ಬೆರಳು ಹಾಕಿ ನೋಡಬೇಕು. ಆ ಬೆರಳು ಗುರುಶಾಂತಮ್ಮನದು. ನೀರು ಬಂದ್, ಚಹಾ ಬಂದ್, ಗಟ್ಟಿ ಗಂಜಿ ಮಾತ್ರ, ಅದೂ ಚಮಚದಿಂದ.

ಎಲ್ಲಕ್ಕೂ ಒಪ್ಪಿದ ಜಂಬಣ್ಣ ಗದ್ದ ತಗ್ಗಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. ಅದಕ್ಕೂ ಒಂದು ಕಥೆಯಿದೆ. ಹನ್ನೊಂದು ವರ್ಷದ ಹಿಂದೆ ದೇವದುರ್ಗದಲ್ಲಿ ಅವನ ಅಕ್ಕ ಬಸವಂತಮ್ಮನ ಮಗಳ ಮದುವೆಯಾಯಿತು. ತುಂಬಿದ ಪಂಕ್ತಿಯಲ್ಲಿ, ಬೀಗರ ಎದುರಿಗೆ, ಈ ಪುಣ್ಯಾತ್ಮ ಹೋಳಿಗೆ ಎತ್ತಿ ಹಿಡಿದು "ಇದು ಹೋಳಿಗೇನೋ, ಎಮ್ಮಿ ಚರ್ಮಾನೋ?" ಎಂದುಬಿಟ್ಟ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಅಕ್ಕ ಅವಳು. ಬೆಂಕಿಯಾದಳು. "ಇನ್ನ ಮ್ಯಾಲ ನನ್ನ ಮುಂದ ಬರಬೇಕಂದ್ರ ತಲಿ ತಗ್ಗಿಸಿ ಬಾ" ಎಂದಳು. "ತಲಿ ಬೀಳ್ತದ, ತಗ್ಗೂದಿಲ್ಲ" ಎಂದು ಇವನು ಎಲೆ ಬಿಟ್ಟು ಎದ್ದು ಬಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇವನು ಯಾರ ಮುಂದೆಯೂ ತಲೆ ತಗ್ಗಿಸಲೂ ಇಲ್ಲ.

ಉಮ್ಮೇ ಕುಲ್ಸುಮ್ ಗುರುಶಾಂತಮ್ಮನಿಂದ ಇದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಸಾಹುಕಾರ, ನೀವು ತಗ್ಗಸೋದು ಗಂಜಿ ಮುಂದ. ಹಸಿವಿಗಿಂತ ದೊಡ್ಡ ಸಾಹುಕಾರ ಯಾರದಾನ ಹೇಳ್ರಿ?"

ಜಂಬಣ್ಣ ಒಂದು ದಿನ ಗೋಡೆ ನೋಡಿ ಕೂತ. ಮರುದಿನ ಗದ್ದ ಎದೆಗೆ ಹಚ್ಚಿದ. ಹದಿನೈದು ದಿನಕ್ಕೆ ಏಳು ಚಮಚ ಗಂಜಿ ಕೆಮ್ಮದೆ ನುಂಗಿದ. ಅಷ್ಟರಲ್ಲಿ ಸುದ್ದಿ ದೇವದುರ್ಗ ಮುಟ್ಟಿತು.

ಬಸವಂತಮ್ಮ ವಾರ್ಡಿನ ಬಾಗಿಲಲ್ಲಿ ಕಾಲಿಟ್ಟದ್ದೂ, ಗುರುಶಾಂತಮ್ಮ ಗಂಡನ ಬಾಯಿಗೆ ಮೂರನೇ ಚಮಚ ಇಟ್ಟದ್ದೂ ಒಂದೇ ಗಳಿಗೆ. ಜಂಬಣ್ಣ ಅಕ್ಕನನ್ನು ನೋಡಿದ. ಬಾಯಲ್ಲಿ ಗಂಜಿ. ಕಲಿತ ಪಾಠದಂತೆ ಗದ್ದವನ್ನು ಎದೆಗೆ ಹಚ್ಚಿದ.

"ಯಪ್ಪಾ ನನ್ನ ತಮ್ಮಾ! ತಲಿ ತಗ್ಗಿಸಿದೆಲ್ಲೋ!" ಬಸವಂತಮ್ಮ ಓಡಿ ಬಂದು ಎರಡೂ ಕೈಯಿಂದ ಅವನ ಗದ್ದ ಹಿಡಿದು ಮುಖ ಮೇಲೆತ್ತಿದಳು. "ಸಾಕೋ, ಏಳೋ. ನನ್ನ ಹೊಟ್ಟಿ ತಣ್ಣಗಾತು!"

ಅವಳ ಹೊಟ್ಟೆ ತಣ್ಣಗಾಯಿತು, ಗಂಜಿ ಇವನ ಪುಪ್ಪುಸಕ್ಕೆ ಇಳಿಯಿತು. ಮುಖ ನೀಲಿಗಟ್ಟಿ ಕಣ್ಣುಗುಡ್ಡೆಗಳು ಹೊರಬಂದವು. "ನೆತ್ತಿಗಿ ಹತ್ತೇದ, ಯಾರೋ ನೆನಸ್ಯಾರ, ಮ್ಯಾಲ ನೋಡೋ" ಎಂದು ಬಸವಂತಮ್ಮ ನೆತ್ತಿ ತಟ್ಟಿ ಮುಖವನ್ನು ಇನ್ನಷ್ಟು ಮೇಲೆತ್ತಿದಳು. ಉಮ್ಮೇ ಕುಲ್ಸುಮ್ ಓಡಿ ಬಂದು ಅವಳನ್ನು ಪಕ್ಕಕ್ಕೆ ನೂಕಿ, ಜಂಬಣ್ಣನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ಗುದ್ದಿದಳು. ಜೀವ ಉಳಿಯಿತು. ಎಂಟು ದಿನ ಜ್ವರ ಸುಟ್ಟಿತು.

"ಇನ್ನೊಂದು ಸಲ ಹಿಂಗಾದ್ರೆ ಈ ಅಭ್ಯಾಸ ನಿಲ್ಲಿಸಿಬಿಡ್ತೀನಿ. ನಳಿಗೇನೇ ಗಟ್ಟಿ" ಎಂದರು ಡಾಕ್ಟರು.

ಬಸವಂತಮ್ಮ ಊರಿಗೆ ಹೋಗಲಿಲ್ಲ. ವರಾಂಡದಲ್ಲೇ ಕೌದಿ ಹಾಸಿಕೊಂಡು ಕೂತು, ಬಂದವರಿಗೆಲ್ಲ ಹೇಳಿದಳು: "ಹನ್ನೊಂದು ವರ್ಷಕ್ಕ ನನ್ನ ತಮ್ಮ ತಲಿ ತಗ್ಗಿಸಿದ, ಯವ್ವಾ. ನನಗ ಇನ್ನೇನೂ ಬ್ಯಾಡ." ಗುರುಶಾಂತಮ್ಮ ಕೇಳಿ ಹಲ್ಲು ಕಚ್ಚಿದಳು. ನಿಜ ಹೇಳಿದರೆ ಮುದುಕಿಯ ಎದೆ ಒಡೆಯುತ್ತದೆ. ಹೇಳದಿದ್ದರೆ ಗಂಡನ ಜೀವ ಹೋಗುತ್ತದೆ. ಇದೊಳ್ಳೆ ಪಜೀತಿ ತಂದಿಟ್ಟಳು ಮಹಾತಾಯಿ!

ಜ್ವರ ಇಳಿದ ನಾಲ್ಕನೇ ದಿನ ಡಾಕ್ಟರು ಪರೀಕ್ಷೆ ಇಟ್ಟರು: ಒಂದು ಬಟ್ಟಲು ಗಂಜಿ ಕೆಮ್ಮದೆ ಮುಗಿಸಬೇಕು. ಮೊದಲ ಚಮಚ ಬಾಯಿಗೆ ಹೋಯಿತು, ಗದ್ದ ಇಳಿಯಿತು. "ನೋಡ್ರಿ, ಮತ್ತ ತಗ್ಗಿಸಿದ!" ಎಂದು ಬಸವಂತಮ್ಮ ಕೈ ಚಾಚಿದಳು. ಗುರುಶಾಂತಮ್ಮ ಆ ಮುಂಗೈಯನ್ನು ಗಪ್ಪನೆ ಹಿಡಿದಳು.

"ಅಕ್ಕಾರ, ಅದು ನಮಸ್ಕಾರ ಅಲ್ರೀ! ನುಂಗಾಕ ಕಲಿಸಿದ ಕಸರತ್ತು. ಆವತ್ತೂ ಅದೇ, ಇವತ್ತೂ ಅದೇ. ನಾಯಿ ಬಂದು ನಿಂತ್ರೂ ಹಂಗ ತಗ್ಗಸ್ತಾರ. ನೀವು ಗದ್ದ ಎತ್ತಿದ್ರ ನನ್ನ ಗಂಡ ಸಾಯ್ತಾನ್ರೀ!"

ನಾಯಿಯ ಮಾತು ಆಡಬಾರದಿತ್ತು ಎಂದು ಗುರುಶಾಂತಮ್ಮನಿಗೆ ಆಡಿದ ಮೇಲೆ ಹೊಳೆಯಿತು. ಬಸವಂತಮ್ಮ ಕೈ ಬಿಡಿಸಿಕೊಂಡಳು. ವರಾಂಡಕ್ಕೆ ಹೋಗಿ ಕೌದಿ ಮಡಚಿ ಗಂಟು ಕಟ್ಟತೊಡಗಿದಳು.

ಇತ್ತ ಜಂಬಣ್ಣ ಒಂದೊಂದೇ ಚಮಚ ನುಂಗಿದ. ಪ್ರತಿ ಚಮಚಕ್ಕೂ ಗದ್ದ ಎದೆಗೆ, ಪ್ರತಿ ಚಮಚಕ್ಕೂ ‘ಆ’. ಬಟ್ಟಲು ಖಾಲಿಯಾಯಿತು, ಕೆಮ್ಮು ಬರಲಿಲ್ಲ. ಉಮ್ಮೇ ಕುಲ್ಸುಮ್ ಅಂಟುಪಟ್ಟಿ ಬಿಡಿಸಿ ನಳಿಗೆಯನ್ನು ಸರ್ರನೆ ಎಳೆದು ತೆಗೆದಳು. ಗುರುಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತಳು.

ಬಸವಂತಮ್ಮ ಗಂಟು ಹಿಡಿದು ಬಾಗಿಲಿಗೆ ಬಂದು ನಿಂತಳು. "ಬರ್ತೀನಿ ತಮ್ಮಾ. ದೇವದುರ್ಗದ ಬಸ್ಸಿನ ಹೊತ್ತಾತು."

"ಆ!" ಎಂದ ಜಂಬಣ್ಣ. ಲಕ್ವಾ ಹೊಡೆದ ಮೇಲೆ ಅವನಿಗೆ ಉಳಿದಿದ್ದ ಅಕ್ಷರ ಅದೊಂದೇ. "ಆ! ಆ!" ಎಂದು ಎಡಗೈಯಿಂದ ಮಂಚ ಬಡಿದ. ಅಕ್ಕ ತಿರುಗಿ ಹತ್ತಿರ ಬಂದಳು. ಅವನು ಅವಳ ಮುಖ ನೋಡುತ್ತ ನೋಡುತ್ತ ಗದ್ದವನ್ನು ಎದೆಗೆ ಇಳಿಸಿದ, ಮತ್ತೆ ಎತ್ತಲಿಲ್ಲ.

ಬಸವಂತಮ್ಮನ ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. "ಗುರುಶಾಂತಿ, ಬಾಯಾಗ ಏನರ ಉಳದದ ಏನು ನೋಡವ್ವ" ಎಂದಳು.

ಗುರುಶಾಂತಮ್ಮ ಗಂಡನ ಕೆನ್ನೆಯೊಳಗೆ ಬೆರಳು ಹಾಕಿ ನೋಡಿದಳು. ನಾಲಿಗೆಯ ಕೆಳಗೂ ನೋಡಿದಳು.

"ಏನೂ ಇಲ್ರೀ, ಅಕ್ಕಾರ" ಎಂದಳು. "ಬಾಯಿ ಖಾಲಿ ಅದ. ಎತ್ರಿ."