ವನಜಕ್ಕ ಕೂತರೆ ನಿಲ್ಲುವ ವ್ಯಾನು

ಆ ವ್ಯಾನು ನಿಲ್ಲುತ್ತಿದ್ದುದು ವನಜ ಓಡಿಸುವಾಗ ಮಾತ್ರ. ಅವಳ ಗಂಡ ಚಂದ್ರ ಓಡಿಸಿದರೆ ಬೈಂದೂರಿನಿಂದ ಉಡುಪಿಯವರೆಗೂ ಒಂದೇ ಉಸಿರಿನಲ್ಲಿ ಹೋಗಿ ಬರುತ್ತಿತ್ತು.

2012ರಲ್ಲಿ ನಡೆದದ್ದು ಇದು. ವನಜನಿಗೆ ಆಗ ನಲವತ್ತಮೂರು ವರ್ಷ. ಮನೆ ಬೈಂದೂರಿನ ಪಕ್ಕದ ಯಡ್ತರೆಯಲ್ಲಿ. ಗಂಗೊಳ್ಳಿಗೆ ಹೋಗಿ ಮೀನು ಕೊಂಡು ತಂದು ಬೈಂದೂರಿನಲ್ಲಿ ಮಾರುವುದು ಅವಳ ವ್ಯಾಪಾರ. ಚಂದ್ರ ಬೋಟು ಹತ್ತಿದನೆಂದರೆ ನಾಲ್ಕೈದು ದಿನ ದಡ ಕಾಣುತ್ತಿರಲಿಲ್ಲ. ಬಾಡಿಗೆಗೆ ಬರುತ್ತಿದ್ದ ಡ್ರೈವರ್ ಮುಂಬೈಗೆ ಹೋದ ಮೇಲೆ ವನಜ ತಾನೇ ಡ್ರೈವಿಂಗ್ ಶಾಲೆಗೆ ಸೇರಿ, ಮೂರನೇ ಸಲಕ್ಕೆ ಲೈಸೆನ್ಸ್ ಗಿಟ್ಟಿಸಿಕೊಂಡು, ಹಳೆಯ ಪೆಟ್ರೋಲ್ ವ್ಯಾನೊಂದನ್ನು ಕೊಂಡಿದ್ದಳು. ಲೈಸೆನ್ಸ್ ಕೈಗೆ ಬಂದ ದಿನ ಅವಳು ಅದನ್ನು ಇಡೀ ಕೇರಿಗೆ ತೋರಿಸಿಕೊಂಡು ಬಂದಿದ್ದಳು.

ಎರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಶುರುವಾಯಿತು. ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ಬಂದ್. ಕೆಮ್ಮುವುದಿಲ್ಲ, ನಡುಗುವುದಿಲ್ಲ, ಸ್ವಿಚ್ ಆರಿಸಿದ ಹಾಗೆ. ಅವಳು ಇಳಿದು, ಯಾರನ್ನಾದರೂ ಕೂಗಿ ಕರೆದು, ಅವರು ಹತ್ತಿ ಕೀಲಿ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್.

"ಕ್ಲಚ್ ಬಿಡುದ್ ಸಮಾ ಆತಿಲ್ಲೆ ನಿಮ್ಗೆ" ಎನ್ನುತ್ತಿದ್ದರು ಸಹಾಯಕ್ಕೆ ಬಂದವರು, ನಗುತ್ತ.

ಬೈಂದೂರಿನ ಮೆಕ್ಯಾನಿಕ್ ಮೊದಲು ಪೆಟ್ರೋಲ್ ಪಂಪು ಬದಲಿಸಿದ. ಆಮೇಲೆ ಪ್ಲಗ್ಗು, ಕಾಯಿಲು. ಪ್ರತಿ ಸಲವೂ ತಾನೇ ಓಡಿಸಿ ನೋಡಿ, "ಬೆಣ್ಣಿ ಹಾಂಗೆ ಹೋತಿತ್ತ್" ಎಂದು ಕೀಲಿ ಕೊಟ್ಟ. ಎರಡು ದಿನ ಬಿಟ್ಟು ವನಜನ ಕೈಯಲ್ಲಿ ಅದು ಮತ್ತೆ ನಿಂತಿತು. ಬ್ರಹ್ಮಾವರದ ದೊಡ್ಡ ಗ್ಯಾರೇಜಿನವರು ಕಂಪ್ಯೂಟರ್ ಸಿಕ್ಕಿಸಿ ಪರೀಕ್ಷೆ ಮಾಡಿ, ಒಂದೇ ಒಂದು ದೋಷವೂ ದಾಖಲಾಗಿಲ್ಲ ಎಂದರು. ಅಂದು ಜೊತೆಗೆ ಹೋಗಿದ್ದ ಚಂದ್ರ ಹೆಂಡತಿಯ ಮುಖ ನೋಡಿದ. ಬೈದಿದ್ದರೇ ವಾಸಿ ಅನ್ನಿಸಿತು ಅವಳಿಗೆ.

ಒಂದು ಬೆಳಿಗ್ಗೆ ಮರವಂತೆಯ ಹತ್ತಿರ, ಮಗಳು ನವ್ಯಶ್ರೀ ಪಕ್ಕದಲ್ಲಿ ಕೂತಿದ್ದಾಗ, ವ್ಯಾನು ನಡುರಸ್ತೆಯಲ್ಲಿ ಸತ್ತಿತು. ಹಿಂದೆ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸು ಕಿರ್ರೆಂದು ಬ್ರೇಕು ಹಾಕಿ, ಒಂದು ಮೊಳ ಅಂತರದಲ್ಲಿ ನಿಂತಿತು. ಬಸ್ಸಿನ ಡ್ರೈವರ್ ತಲೆ ಹೊರಹಾಕಿ ಕೂಗಿದ: "ಹ್ವಾಯ್, ಗಾಡಿ ಬಿಡುಕ್ ಬರ್ದಿದ್ರೆ ಮನೆಯಂಗೆ ಕೂಕಣಿ!"

ನವ್ಯಶ್ರೀ ಅಳಲಿಲ್ಲ, ಆದರೆ ಮನೆ ಸೇರುವವರೆಗೂ ಅಮ್ಮನ ಸೆರಗು ಬಿಡಲಿಲ್ಲ. ಆ ವಾರ ವನಜ ವ್ಯಾನು ಮುಟ್ಟಲಿಲ್ಲ. ರಿಕ್ಷಾದಲ್ಲೇ ಮೀನು ತಂದಳು. ತನ್ನ ಕಾಲಿನಲ್ಲೇ ಏನೋ ಐಬಿದೆಯೇನೋ ಎಂದು, ಯಾರೂ ಇಲ್ಲದಾಗ ಅಡುಗೆಮನೆಯ ಮಣೆಯ ಮೇಲೆ ಕೂತು ಎಡಗಾಲು ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ನೋಡಿದಳು.

"ಮಾರಿ ಬಿಡುವ" ಎಂದ ಚಂದ್ರ.

"ಒಂದ್ ಸಲ ಕೋಟೇಶ್ವರಕ್ಕೆ ಹೋಯ್ ಬಪ್ಪ. ಆಮೇಲ್ ಮಾರುವ" ಎಂದಳು ವನಜ.

ಕೋಟೇಶ್ವರದಲ್ಲಿ ಸುಧಾಕರ ಎಂಬವನು ಗಾಡಿಗಳ ವಯರಿಂಗ್ ಕೆಲಸ ಮಾಡುತ್ತಾನೆಂದು ಅವಳಿಗೆ ಯಾರೋ ಹೇಳಿದ್ದರು. ಚಂದ್ರನೇ ವ್ಯಾನು ಓಡಿಸಿಕೊಂಡು ಹೋದ. ಎಂದಿನಂತೆ ದಾರಿಯಲ್ಲಿ ಏನೂ ಆಗಲಿಲ್ಲ.

ಸುಧಾಕರನಿಗೆ ಐವತ್ತರ ಮೇಲಾಗಿತ್ತು. ಬದಲಿಸಿದ ಸಾಮಾನುಗಳ ಪಟ್ಟಿಯನ್ನು ಚಂದ್ರ ಹೇಳುತ್ತಿದ್ದರೆ ಅವನು ಅರ್ಧ ಕೇಳಿ ವನಜನ ಕಡೆ ತಿರುಗಿದ.

"ನಿಮ್ ಕೈಯಂಗೇ ನಿಲ್ಲುದ್ ಅಲ್ದಾ ಅಕ್ಕ? ಹಾಂಗಾರೆ ನಾನ್ ಓಡ್ಸಿ ಎಂತ ಪ್ರಯೋಜನ? ನೀವ್ ಓಡ್ಸಿ, ನಾನ್ ಬದಿಯಂಗ್ ಕೂಕಂಡ್ ಕಾಂತೆ."

ಇಷ್ಟು ದಿನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ವನಜ ಹತ್ತಿ ಕೂತಳು. ಅವಳು ಗಿಡ್ಡ ಆಳು. ಸೀಟಿನ ಕೆಳಗಿನ ಹಿಡಿ ಎತ್ತಿ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಸೆರಗು ಸಿಕ್ಕಿಸಿ, ದೇವರನ್ನು ನೆನೆದು ಹೊರಟಳು. ಚಂದ್ರ ಹಿಂದೆ ಕೂತ. ಕುಂದಾಪುರದ ದಿಕ್ಕಿಗೆ ಒಂದು ಕಿಲೋಮೀಟರ್ ಹೋಗಿರಬಹುದು, ರಸ್ತೆಯ ಉಬ್ಬೊಂದನ್ನು ಹತ್ತಿಳಿಯುತ್ತಿದ್ದಂತೆ ಎಂಜಿನ್ ಆರಿಹೋಯಿತು. ಅವಳು ಹೇಗೋ ಅಂಚಿಗೆ ತಂದು ನಿಲ್ಲಿಸಿದಳು.

"ಕ್ಲಚ್ ನೀವ್ ಮುಟ್ಟ್ಲೇ ಇಲ್ಲೆ. ನಾನ್ ಕಂಡಿದೆ" ಎಂದ ಸುಧಾಕರ. ಆ ಒಂದು ಮಾತಿಗೇ ಅವಳ ಕಣ್ಣು ತುಂಬಿತು.

ಕೀಲಿ ಆನ್ ಮಾಡಿಯೇ ಇತ್ತು. ಬೇರೆ ದೀಪಗಳೆಲ್ಲ ಉರಿಯುತ್ತಿದ್ದವು, ಜೊತೆಗೇ ಉರಿಯಬೇಕಿದ್ದ ಎಂಜಿನ್ ಗುರುತಿನ ಹಳದಿ ದೀಪ ಮಾತ್ರ ಇಲ್ಲ. ಅವನು ದೋಷ ಓದಲು ತಂದಿದ್ದ ಸ್ಕ್ಯಾನರ್ ಸಿಕ್ಕಿಸಿದ. ಅದಕ್ಕೆ ಉತ್ತರವೇ ಬರಲಿಲ್ಲ.

"ಎಂಜಿನ್ ನಡ್ಸುಕ್ ಒಂದ್ ಸಣ್ಣ ಕಂಪ್ಯೂಟರ್ ಇತ್ತಲೆ, ಅದೇ ಸತ್ ಬಿದ್ದಿತ್. ದೋಷ ಬರ್ದ್ ಇಟ್ಕಂಬ್ದ್ ಅದ್ರ ಕೆಲ್ಸ. ಅದ್ಕೇ ಕರೆಂಟ್ ಇಲ್ದಿದ್ರೆ ಬರೆವ್ದ್ ಯಾರ್?" ಎಂದು ಸುಧಾಕರ ಇಳಿದು ಮುಂದಿನಿಂದ ಸುತ್ತಿಕೊಂಡು ಬರತೊಡಗಿದ.

ಬ್ರಹ್ಮಾವರದಲ್ಲಿ ಏನೂ ಸಿಗದೆ ಹೋದದ್ದು ಏಕೆಂದು ಚಂದ್ರನಿಗೆ ಆಗ ಅರ್ಥವಾಯಿತು. ವನಜ ತಾನೂ ಇಳಿಯೋಣವೆಂದು ಎಂದಿನಂತೆ ಸೀಟನ್ನು ಹಿಂದಕ್ಕೆ ದೂಡಿದಳು. ಎಲ್ಲೋ ಟಿಕ್ ಎಂದಿತು. ಹಳದಿ ದೀಪ ತಾನಾಗಿ ಹತ್ತಿಕೊಂಡಿತು.

"ಸುಧಾಕರಣ್ಣ, ಲೈಟ್ ಬಂತ್ ಕಾಣಿ!"

ಅವನು ಬಾಗಿಲ ಬಳಿ ನಿಂತುಬಿಟ್ಟ. "ಎಂತ ಮಾಡ್ರಿ ನೀವ್?"

"ಎಂತದೂ ಇಲ್ಲೆ. ಇಳುಕಂತ ಸೀಟ್ ಹಿಂದ್ ದೂಡ್ದೆ."

"ಮತ್ ಮುಂದ್ ತನಿ."

ತಂದಳು. ದೀಪ ಆರಿತು. ಹಿಂದೆ ದೂಡಿದಳು. ಹತ್ತಿತು. ಮೂರು ಸಲ ಹಾಗೆ ಮಾಡಿಸಿ, ಸುಧಾಕರ ರಸ್ತೆಯ ಮೇಲೆಯೇ ಮಂಡಿಯೂರಿ ಟಾರ್ಚು ಹಿಡಿದು ಸೀಟಿನ ಕೆಳಗೆ ಇಣುಕಿದ. ಆ ಕಂಪ್ಯೂಟರಿನ ಪೆಟ್ಟಿಗೆ ಅಲ್ಲೇ ಇತ್ತು. ಅದನ್ನು ಹಿಡಿದಿಡುವ ತಗಡು ತುಕ್ಕು ತಿಂದು ಮುರಿದದ್ದಕ್ಕೆ, ಹಿಂದೆ ಯಾರೋ ತಂತಿ ಬಿಗಿದು ನೇತುಹಾಕಿದ್ದರು. ಸೀಟು ಪೂರ್ತಿ ಮುಂದೆ ಬಂದಾಗ ಅದರ ಕಬ್ಬಿಣದ ಪಟ್ಟಿ ಪೆಟ್ಟಿಗೆಯ ವಯರ್ ಸಿಕ್ಕಿಸುವ ಜಾಗವನ್ನು ಒತ್ತುತ್ತಿತ್ತು; ರಸ್ತೆ ಒಮ್ಮೆ ಕುಲುಕಿದರೆ ಸಾಕು, ಕರೆಂಟು ತಪ್ಪುತ್ತಿತ್ತು. ಚಂದ್ರ, ಮೆಕ್ಯಾನಿಕ್ಕು, ಗ್ಯಾರೇಜಿನವರು, ದಾರಿಯಲ್ಲಿ ಸಹಾಯಕ್ಕೆ ಬಂದವರು ಎಲ್ಲ ಉದ್ದ ಕಾಲಿನವರು. ಹತ್ತಿದೊಡನೆ ಸೀಟು ಹಿಂದೆ ದೂಡಿಕೊಂಡೇ ಕೂರುತ್ತಿದ್ದರು.

"ನಿಮ್ ಕಾಲಂಗೆ ಎಂತ ದೋಷವೂ ಇಲ್ಲೆ ಅಕ್ಕ" ಎಂದ ಸುಧಾಕರ, ಮೊಣಕಾಲಿನ ಮಣ್ಣು ಕೊಡವುತ್ತ.

ವನಜ ಸ್ಟೇರಿಂಗಿಗೆ ಹಣೆ ಆನಿಸಿ ನಗತೊಡಗಿದಳು. ನಗು ಯಾವಾಗ ಅಳುವಾಯಿತೋ, ಅಳು ಯಾವಾಗ ಮತ್ತೆ ನಗುವಾಯಿತೋ ಅವಳಿಗೇ ತಿಳಿಯಲಿಲ್ಲ. ಚಂದ್ರ ಹಿಂದಿನಿಂದ ಕೈ ಚಾಚಿ ಅವಳ ಭುಜದ ಮೇಲಿಟ್ಟು, "ನಾನೂ ನಿಂದೇ ತಪ್ಪಂದ್ ಎಣ್ಸಿದ್ದೆ" ಎಂದ.

"ಗೊತ್ತಿತ್" ಎಂದಳು ಅವಳು.

ಗ್ಯಾರೇಜಿಗೆ ಮರಳಿ ಪೆಟ್ಟಿಗೆ ಬಿಚ್ಚಿದಾಗ, ಒಳಗಿನ ಸರ್ಕ್ಯೂಟಿನ ಹಸಿರು ಹಲಗೆಯ ಮೇಲೆ ಬೆಸುಗೆ ಸಾಲಾಗಿ ಬಿರುಕು ಬಿಟ್ಟಿತ್ತು. ಮೀನಿನ ನೀರಿನ ಉಪ್ಪು ಬೇರೆ ಅಂಟಿತ್ತು. ಬೆಸುಗೆ ಹಾಕಿ ಕೊಡಬಹುದಲ್ಲ ಎಂದು ಚಂದ್ರ ಕೇಳಿದ.

"ಹಾಕ್ಲಕ್. ಆರೆ ಇದ್ನ ನಂಬಿ ಇವ್ರನ್ನ ಹೈವೇಗೆ ಕಳ್ಸುಕ್ ನಂಗೆ ಧೈರ್ಯ ಇಲ್ಲೆ" ಎಂದ ಸುಧಾಕರ.

ಅದೇ ನಂಬರಿನ ಹೊಸ ಪೆಟ್ಟಿಗೆ ಒಂದು ವಾರ ಬಿಟ್ಟು ಮಂಗಳೂರಿನಿಂದ ಬಸ್ಸಿನಲ್ಲಿ ಬಂತು. ಸಿಕ್ಕಿಸಿ ಕೀಲಿ ತಿರುಗಿಸಿದರೆ ಎಂಜಿನ್ ಎರಡು ಕ್ಷಣ ಓಡಿ ನಿಂತಿತು. ವನಜ ಥಟ್ಟನೆ ಸುಧಾಕರನ ಕಡೆ ತಿರುಗಿದಳು.

"ಹೆದ್ರಬೇಡಿ. ಹೊಸ್ತಲೆ, ನಿಮ್ ಕೀಲಿಯ ಗುರ್ತ ಇಲ್ಲೆ ಅದ್ಕೆ" ಎಂದು ಸುಧಾಕರ ಲ್ಯಾಪ್‌ಟಾಪ್ ಜೋಡಿಸಿ ಅರ್ಧ ಗಂಟೆ ಕೂತು ಕೀಲಿಯ ಗುರುತು ಹಚ್ಚಿಸಿದ. ಆಮೇಲೆ ಎಂಜಿನ್ ಹಿಡಿದ ಸದ್ದು ಬಿಡಲಿಲ್ಲ. ಪೆಟ್ಟಿಗೆಗೆ ಹೊಸ ತಗಡು ಮಾಡಿಸಿ, ಸೀಟಿನ ಪಟ್ಟಿಗೂ ಮೀನಿನ ನೀರಿಗೂ ಸಿಗದಂತೆ ಎತ್ತರಿಸಿ ಬಿಗಿದ. ವನಜನನ್ನೇ ಕೂರಿಸಿ, ಸೀಟು ಮುಂದೆ ತರಿಸಿ, ಅದೇ ಉಬ್ಬಿನ ಮೇಲೆ ಆರು ಸಲ ಓಡಿಸಿದ. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.

ಮನೆಗೆ ಹೊರಟಾಗ ಚಂದ್ರ ಕೇಳದೆಯೇ ಎಡಗಡೆಯ ಬಾಗಿಲು ತೆಗೆದು ಕೂತ. ಅಂದೇ ಬೆಳಿಗ್ಗೆ ಬೋಟಿನಿಂದ ಇಳಿದಿದ್ದ ಅವನು ಹೆಮ್ಮಾಡಿ ದಾಟುವಷ್ಟರಲ್ಲಿ ನಿದ್ದೆ ಹೋದ. ಬಾಯಿ ತೆರೆದು, ತಲೆ ಕಿಟಕಿಗೆ ಆನಿಸಿ, ಚಿಂತೆಯಿಲ್ಲದ ನಿದ್ದೆ. ವನಜ ತ್ರಾಸಿ, ನಾವುಂದ, ಉಪ್ಪುಂದ ಎಲ್ಲ ದಾಟಿದಳು. ಮನೆಗೆ ತಿರುಗುವ ದಾರಿ ಬಂತು. ಅವಳು ತಿರುಗಿಸಲಿಲ್ಲ. ಗೇರು ಬದಲಿಸಿ ಊರಾಚೆಯ ಒತ್ತಿನೆಣೆ ಗುಡ್ಡದ ಏರು ಹತ್ತಿಸತೊಡಗಿದಳು. ಎಡಕ್ಕೆ ಕೆಳಗೆ ಕಡಲು ಬಿಸಿಲಿಗೆ ಹೊಳೆಯುತ್ತಿತ್ತು.

ಚಂದ್ರ ಎಚ್ಚೆತ್ತು ಕಣ್ಣುಜ್ಜಿಕೊಂಡ. "ಎಲ್ಲಿಗ್ ಹೋತೆ ಮಾರಾಯ್ತಿ?"

"ಎಲ್ಲಿಗೂ ಇಲ್ಲೆ" ಎಂದಳು ವನಜ. "ಸುಮ್ನೆ. ನೀವ್ ಮಲ್ಕಣಿ."